ನೊರೆ ಬಾರದ ಬಾಟಲಿ

"ನನ್ನ ಮನೆ ಹೊಸ್ತಿಲು ದಾಟಿದ್ಮೇಲೆ ನೀನು ಅಕ್ಕ ಅಷ್ಟೇ. ಪೊಲೀಸ್ ಅಲ್ಲ. ಮಾತು ಕೊಡು."

ಮದುವೆಯ ಹಿಂದಿನ ದಿನ ತಂಗಿ ಹೀಗೆಂದು ಅಂಗೈ ಚಾಚಿದ್ದಳು. ಅಕ್ಕ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಭುಜದ ನಕ್ಷತ್ರಗಳ ಹೊಳಪು ಇನ್ನೂ ಮಾಸಿರಲಿಲ್ಲ. ನಗುನಗುತ್ತಾ ಆ ಅಂಗೈಗೆ ತನ್ನ ಅಂಗೈ ಹೊಡೆದು, "ಕೊಟ್ಟೆ ಕಣೇ, ಹೋಗು" ಅಂದಿದ್ದಳು. ಗದ್ದಲದಲ್ಲಿ ಕೊಟ್ಟ ಮಾತು. ಕೊಡುವಾಗ ಅದು ಹತ್ತಿಯಷ್ಟು ಹಗುರ.

ಇವತ್ತು ಅದೇ ಹೊಸ್ತಿಲಿನ ಮುಂದೆ ನಿಂತಾಗ ಕಾಲು ಕಲ್ಲಾಗಿತ್ತು. ಟೋಪಿ, ಬೆಲ್ಟು ಎರಡನ್ನೂ ಜೀಪಿನಲ್ಲಿ ಬಿಟ್ಟು, ಮಾಸಲು ಬಣ್ಣದ ಮನೆಬಟ್ಟೆಯಲ್ಲಿ ಬಂದಿದ್ದಳು. ಆದರೂ ಬಾಗಿಲು ತೆರೆದ ಅತ್ತೆಮ್ಮ ಪೂರ್ತಿ ತೆರೆಯಲಿಲ್ಲ. ಒಂದು ಕೈ ಚಿಲಕದ ಮೇಲೆ, ಇನ್ನೊಂದು ಕೈ ಚೌಕಟ್ಟಿನ ಮೇಲೆ ಇಟ್ಟು ದಾರಿಗೆ ಅಡ್ಡ ನಿಂತಳು. ಅವಳು ತಂಗಿಯ ಅತ್ತೆ. ಬೀದಿಯವರೆಲ್ಲ ಕರೆಯುವುದೂ ಅತ್ತೆಮ್ಮ ಅಂತಲೇ.

"ಯಾರು ಬಂದಿರೋದು? ಸೊಸೆ ಅಕ್ಕನೋ, ಇನ್ಸ್‌ಪೆಕ್ಟರಮ್ಮನೋ?"

"ಅಕ್ಕ."

"ಹಾಗಾದ್ರೆ ಗೇಟ್ ಹತ್ರ ನಿಂತಿರೋ ಟೋಪಿ ಯಾರದು? ಅದೂ ನೆಂಟರದಾ?"

"ಪೇದೆ ಅವನು. ನೆರಳಿಗೆ ನಿಂತಿದ್ದಾನೆ."

"ನಮ್ಮ ಗೇಟಲ್ಲಿ ನೆರಳೇ ಇಲ್ಲ" ಅಂದಳು ಅತ್ತೆಮ್ಮ. "ಬನ್ನಿ. ಗಂಡ ಹೋದ ಮನೆ. ಯಾರು ಬಂದರೂ ಬೇಡ ಅನ್ನೋ ಹಾಗಿಲ್ಲ."

ಅತ್ತೆಮ್ಮನ ಗಂಡ ಹೋದದ್ದು ಕಳೆದ ವಾರ. ಯಜಮಾನ ತಾನೇ ಕಟ್ಟಿದ ಲಾಂಡ್ರಿಯಲ್ಲಿ, ಕಲೆ ತೆಗೆಯುವ ಮೇಜಿನ ಪಕ್ಕ, ತಲೆ ಒಡೆದು ಸತ್ತು ಬಿದ್ದಿದ್ದ. ಪಕ್ಕದಲ್ಲೇ ಹಳೇ ಕಬ್ಬಿಣದ ಇಸ್ತ್ರಿ ಪೆಟ್ಟಿಗೆ ಇತ್ತು. ಆ ಪೆಟ್ಟಿಗೆ ಹಿಡಿದು ಕೂದಲು ನೆರೆಸಿಕೊಂಡಿದ್ದ ಇಸ್ತ್ರಿಯವನನ್ನು ಅವತ್ತೇ ಹಿಡಿದು, ಕೋರ್ಟಿನ ಅನುಮತಿ ಪಡೆದು ಲಾಕಪ್ಪಿನಲ್ಲೇ ಇಟ್ಟುಕೊಂಡಿದ್ದರು.

ತಂಗಿಯ ಮನೆಯ ಕೇಸು ಅಕ್ಕನ ಕೈಯಲ್ಲಿ ಇರಬಾರದೆಂದು ಮೇಲಿನವರಿಗೆ ತಡವಾಗಿ ಹೊಳೆದಿತ್ತು. ನಾಳೆ ಬೆಳಿಗ್ಗೆ ಬೇರೆ ಅಧಿಕಾರಿ ಬರುತ್ತಾನೆ. ಅವನಂತೂ ಬರುವ ಮೊದಲೇ ಫೋನಿನಲ್ಲಿ ನಕ್ಕಿದ್ದ: "ಪೆಟ್ಟಿಗೆ ಅವನದು, ಯಜಮಾನನ ಜೊತೆ ಜಗಳ ಆಡಿದ್ದೂ ಅವನೇ, ಇನ್ನೇನು ತನಿಖೆ ಮೇಡಂ? ಕೋರ್ಟು ತೆರೆದ ಕೂಡ್ಲೇ ಒಯ್ದು ಒಪ್ಪಿಸಿಬಿಡೋಣ."

ಇಸ್ತ್ರಿಯವನು ಸರಳಿನ ಹಿಂದಿನಿಂದ ಹೇಳಿದ್ದು ಒಂದೇ ಮಾತು. "ಪೆಟ್ಟಿಗೆ ನಂದೇ ತಾಯಿ. ಏಟು ನಂದಲ್ಲ." ಅಕ್ಕನ ಯೂನಿಫಾರ್ಮಿನ ಮಡಿಕೆಯ ಗೆರೆಗಳೂ ಅವನ ಕೈಯವೇ. ಆ ಗೆರೆ ತೊಟ್ಟುಕೊಂಡೇ ಅವನ ಎದುರು ನಿಂತು, ತಲೆ ತಗ್ಗಿಸಿ ಹೊರಗೆ ಬಂದಿದ್ದಳು.

ಉಳಿದಿದ್ದು ಇವತ್ತಿನ ಮಧ್ಯಾಹ್ನ ಮಾತ್ರ.

ಅತ್ತೆಮ್ಮನ ಅಡುಗೆಮನೆ ಕನ್ನಡಿಯ ಹಾಗಿತ್ತು. ಎಣ್ಣೆ, ವಿನಿಗರ್, ಫಿನಾಯಿಲ್, ಕೆಮ್ಮಿನ ಔಷಧಿ, ಎಲ್ಲವೂ ಬಿಳಿ ಗಾಜಿನ ಬಾಟಲಿಗಳಲ್ಲಿ ಸಾಲಾಗಿ ನಿಂತಿದ್ದವು. ಅಂಗಡಿಯಿಂದ ಏನು ತಂದರೂ ಮೊದಲು ಬಿಳಿ ಬಾಟಲಿಗೆ ಸುರಿಯುವುದು ಆ ಮನೆಯ ಕಾನೂನು. ಅದಕ್ಕೆ ಅತ್ತೆಮ್ಮನ ಹತ್ತಿರ ಒಂದು ಮಾತೂ ಇತ್ತು: "ಒಳಗೇನಿದೆ ಅಂತ ತೋರಿಸದ ಬಾಟಲಿ, ಮನಸ್ಸಲ್ಲೇನಿದೆ ಅಂತ ಹೇಳದ ಸೊಸೆ, ಎರಡೂ ಮನೆಗಾಗದು."

ಹೇಳದ ಸೊಸೆ ಸಿಂಕಿನ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಅಕ್ಕ ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಎರಡೂ ಕೈಗಳನ್ನು ಅಡುಗೆ ಬಟ್ಟೆಯಲ್ಲಿ ಸುತ್ತಿಕೊಂಡು, ಒರೆಸಿದ್ದನ್ನೇ ಒರೆಸುತ್ತಿದ್ದಳು.

ಮೇಜಿನ ಬಳಿ ಅವಳ ಗಂಡ ಕೂತಿದ್ದ. ಊರಿಗೆಲ್ಲ ಅವನು ಬಿಳಿಯಂಗಿ. ಲಾಂಡ್ರಿಯವರ ಮಗ ಬಿಳಿ ಬಿಟ್ಟು ಬೇರೆ ತೊಟ್ಟರೆ ಗಿರಾಕಿ ನಂಬುವುದಿಲ್ಲವೆಂದು ಅಪ್ಪ ಮಾಡಿಸಿದ ಅಭ್ಯಾಸ. ಇವತ್ತೂ ಬಿಳಿಯೇ, ಗಂಜಿ ಹಾಕಿ ಬಿಗಿಸಿದ್ದು. ಎಡಗೈಗೆ ಕಟ್ಟಿದ ಗಾಯದ ಪಟ್ಟಿ ಮಾತ್ರ ಅಂಗಿಯಷ್ಟು ಬಿಳಿ ಇರಲಿಲ್ಲ.

"ಊಟ ಆಯ್ತಾ ಅತ್ತಿಗೆ?" ಎಂದು ಕೇಳಿದ. ಕುರ್ಚಿ ತೋರಿಸಲಿಲ್ಲ.

"ಆಯ್ತು. ಕೈ ಹೇಗಿದೆ?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನೋಡಿ, ಇಲ್ಲೇ ಇದೆ." ಪಟ್ಟಿ ಸುತ್ತಿದ ಕೈಯನ್ನು ಎತ್ತಿ ಅವಳ ಮುಖದ ಹತ್ತಿರ ಹಿಡಿದ. "ಠಾಣೆಯಲ್ಲಿ ಬಿಚ್ಚಿ ನೋಡಿದ್ರಿ, ಮತ್ತೆ ಕಟ್ಟಿದ್ರಿ. ಇನ್ನೂ ಕಣ್ಣು ತಣಿದಿಲ್ವಾ?"

"ಇನ್ನೊಂದ್ಸಲ ಹೇಳು. ಅವತ್ತು ಸಂಜೆ ಏನಾಯ್ತು?"

"ಯಾರಿಗೆ ಹೇಳ್ಬೇಕು? ಅತ್ತಿಗೆಗೋ, ಸರ್ಕಾರಕ್ಕೋ?"

"ಅತ್ತಿಗೆಗೆ."

ಬಿಳಿಯಂಗಿ ಕಂಠಪಾಠ ಒಪ್ಪಿಸುವವನ ಹಾಗೆ ಒಪ್ಪಿಸಿದ. "ನಾನು ಇಲ್ಲೇ ಇದ್ದೆ. ಇವಳೂ ಇಲ್ಲೇ ಇದ್ಲು. ಗಾಜಿನ ಲೋಟ ತೊಳೀತಿದ್ದೆ, ಒಡೀತು, ಕೈ ಕುಯ್ತು. ಇವಳು ಆ ಕಿಟಕಿಯಿಂದ ನೊರೆ ಔಷಧಿ ತಗೊಂಡು ಗಾಯಕ್ಕೆ ಸುರಿದ್ಲು. ಬುಸ್ ಅಂತ ನೊರೆ ಬಂತು. ಪಟ್ಟಿ ಕಟ್ಟಿದ್ಲು. ಅಷ್ಟ್ರಲ್ಲಿ ಅಂಗಡಿಯಿಂದ ಫೋನ್ ಬಂತು, ಅಪ್ಪ ಹೋದ್ರು ಅಂತ. ಸಾಕಾ?"

ನೊರೆ ಔಷಧಿ ಎಂದರೆ ಹೈಡ್ರೋಜನ್ ಪೆರಾಕ್ಸೈಡ್. ಲಾಂಡ್ರಿ ಮನೆತನಕ್ಕೆ ಅದು ಕುಲದೇವರಿದ್ದ ಹಾಗೆ. ಬಟ್ಟೆಗೆ ರಕ್ತ ಹತ್ತಿದರೆ ಮೊದಲು ತಣ್ಣೀರು, ಆಮೇಲೆ ನೊರೆ ಔಷಧಿ. ಮನೆಯಲ್ಲಿ ಅತ್ತೆಮ್ಮ ಅದನ್ನು ಹಾಕದ ಜಾಗವೇ ಇರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿಗೆ ಮೈಯೊಡ್ಡಿ, ಬಿಳಿ ಗಾಜಿನ ಬಾಟಲಿಯೊಂದು ಹೊಳೆಯುತ್ತಿತ್ತು. ಅಕ್ಕ ಕೈ ಚಾಚಿ ತೆಗೆದುಕೊಂಡಳು. ಗಾಜು ಬೆಚ್ಚಗಿತ್ತು.

"ಇದೇ ತಾನೆ?"

"ಅದೇ."

"ಅತ್ತೆಮ್ಮ, ಇದನ್ನ ತಂದು ಎಷ್ಟು ಕಾಲ ಆಯ್ತು?"

"ಹೋದ ಬೇಸಿಗೇಲಿ ದೊಡ್ಡ ಬಾಟಲಿ ತರಿಸಿದ್ದೆ. ನಾನು ಹನಿ ಹನಿ ನೋಡಿ ಬಳಸೋಳು. ಕೆಲವರ ಹಾಗೆ ಸುರಿಯೋಳಲ್ಲ." ಕೊನೆಯ ಮಾತು ಸಿಂಕಿನ ಕಡೆಗೆ ಹಾರಿ, ಸೊಸೆಯ ಬೆನ್ನಿಗೆ ತಾಗಿ ಬಿತ್ತು.

"ಅಂದಿನಿಂದ ಇಲ್ಲೇ ಕಿಟಕಿಯಲ್ಲಿ?"

"ಮತ್ತೆಲ್ಲಿಡ್ಲಿ? ಲಾಕರಲ್ಲಾ?"

"ಒಂದು ಆಲೂಗಡ್ಡೆ ಕೊಡಿ."

ಅತ್ತೆಮ್ಮ ಹುಬ್ಬೇರಿಸಿದಳು. "ಅಡುಗೆ ಮಾಡೋಕೆ ಬಂದ್ರಾ ಇನ್ಸ್‌ಪೆಕ್ಟರಮ್ಮ? ಠಾಣೆಯಲ್ಲಿ ಕೆಲಸ ಕಮ್ಮಿಯೇನೋ."

ಆಲೂಗಡ್ಡೆ ಕೊಟ್ಟಳು. ಕೊಡುವಾಗಲೂ ಬುಟ್ಟಿಯಲ್ಲಿ ಕೈಯಾಡಿಸಿ, ಮೊಳಕೆ ಬಂದದ್ದನ್ನೇ ಆರಿಸಿ ಕೊಟ್ಟಳು.

ಅಕ್ಕ ಅದನ್ನು ಎರಡಾಗಿ ಕೊಯ್ದು ತಟ್ಟೆಯಲ್ಲಿಟ್ಟಳು. ಚೀಲದಿಂದ ಪುಟ್ಟ ಕಂದು ಬಾಟಲಿ ತೆಗೆದಳು. ಬರುವ ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಕೊಂಡದ್ದು. ಮುಚ್ಚಳದ ಸೀಲು ಎಲ್ಲರೆದುರೇ ಮುರಿದಳು. ಒಂದು ಹೋಳಿನ ಮೇಲೆ ಸ್ವಲ್ಪ ಹನಿಸಿದಳು. ಕ್ಷಣ ಸುಮ್ಮನಿದ್ದ ಹೋಳು ಮೆಲ್ಲಗೆ ಬೆವರಿತು; ಗುಳ್ಳೆ ಎದ್ದು, ಗುಳ್ಳೆ ಕೂಡಿ, ಬೆಳ್ಳನೆಯ ನೊರೆ ಅಂಚಿನಿಂದ ಇಳಿಯಿತು.

"ರಕ್ತಕ್ಕೆ ಬರೋ ನೊರೆ ಇದಕ್ಕೂ ಬರುತ್ತೆ, ಸ್ವಲ್ಪ ಕಮ್ಮಿ" ಅಂದಳು. "ಈಗ ನಿಮ್ಮದು."

ಕಿಟಕಿಯ ಬಾಟಲಿಯಿಂದ ಇನ್ನೊಂದು ಹೋಳಿಗೆ ಹನಿಸಿದಳು. ಹೋಳು ಒದ್ದೆಯಾಯಿತು. ಇನ್ನಷ್ಟು ಸುರಿದಳು. ಇನ್ನಷ್ಟು ಒದ್ದೆಯಾಯಿತು. ತಟ್ಟೆಯಲ್ಲಿ ನೀರು ನಿಂತು, ಅದರಲ್ಲಿ ಕಿಟಕಿಯ ಸರಳುಗಳ ನೆರಳು ಕಂಡಿತು. ಒಂದು ಗುಳ್ಳೆಯೂ ಏಳಲಿಲ್ಲ.

ಅತ್ತೆಮ್ಮ ತನಗೇ ಗೊತ್ತಿಲ್ಲದ ಹಾಗೆ ಕೈ ಚಾಚಿ ಕಂದು ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಬಿಳಿಯಂಗಿ ಬಲಗೈಯಿಂದ ಬಿಳಿ ಬಾಟಲಿಯ ಮುಚ್ಚಳ ಹಾಕಿದ. ಆ ಮನೆಯಲ್ಲಿ ತೆರೆದಿಟ್ಟ ಮುಚ್ಚಳವನ್ನು ಯಾರೂ ಸಹಿಸರು.

"ಬೆಳಕಿಗಿಟ್ಟರೆ ಇದು ಸಾಯುತ್ತೆ" ಅಂದಳು ಅಕ್ಕ. "ಅದಕ್ಕೇ ಅಂಗಡಿಯವರು ಕಂದು ಬಾಟಲೀಲಿ ಕೊಡೋದು. ನಿಮ್ಮ ಬಾಟಲೀಲಿ ಈಗ ಇರೋದು ನೀರು."

"ಸುಳ್ಳು!" ಅತ್ತೆಮ್ಮನ ದನಿ ಒಡೆಯಿತು. ಗಂಡ ಸತ್ತ ದಿನ ಕೂಡ ಅಷ್ಟು ಒಡೆದಿರಲಿಲ್ಲ. "ನಾನು ದಿನಾ ಅದರಲ್ಲೇ ಬಾಯಿ ಮುಕ್ಕಳಿಸ್ತೀನಿ! ಹಲ್ಲುಜ್ಜೋ ಬ್ರಷ್ ಅದರಲ್ಲೇ ನೆನೆಸ್ತೀನಿ, ಹಲಗೆ ಅದರಲ್ಲೇ ಒರೆಸ್ತೀನಿ, ಬಚ್ಚಲ ಸಂದಿಗೂ ಅದೇ!"

"ನೀರಲ್ಲಿ ಮುಕ್ಕಳಿಸಿದ್ರೆ ಕೆಟ್ಟದ್ದೇನೂ ಆಗಲ್ಲ ಬಿಡಿ."

ಬಿಳಿಯಂಗಿಯ ಕತ್ತು ಕಾಲರಿನೊಳಗೆ ಕೆಂಪಾಯಿತು. "ಹಾಗಾದ್ರೆ ಅವತ್ತು ಹಾಕಿದ್ದು ಇದಲ್ಲ. ಇನ್ನೊಂದು ಬಾಟಲಿ ಇತ್ತು. ಮರೆತಿದ್ದೆ."

"ಎಲ್ಲಿ ಅದು?"

"ಖಾಲಿ ಆಯ್ತು. ಎಸೆದೆ."

"ಎಸೆದ್ಯಾ?" ಅತ್ತೆಮ್ಮ ಮಗನ ಕಡೆ ಗಿರಕ್ಕನೆ ತಿರುಗಿದಳು. "ನಮ್ಮನೇಲಿ ಬಾಟಲಿ ಎಸೆಯೋದಾ? ಯಾವಾಗ ಎಸೆದೆ? ನನ್ನ ಕೇಳದೆ?"

"ಅಮ್ಮಾ, ಸುಮ್ನಿರು."

"ಏನು ಸುಮ್ನಿರೋದು! ಈ ಮನೆಯಿಂದ ಒಂದು ಬಾಟಲಿ ಹೊರಗೆ ಹೋಗಿದ್ರೆ ನನ್ನ ಕಣ್ಣು ತಪ್ಪಿಸಿ ಹೋಗೋಕೆ ಸಾಧ್ಯವೇ ಇಲ್ಲ!"

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಬಾಯಿ ಮುಚ್ಚಿದಳು. ತಡವಾಗಿತ್ತು. ಬಿಳಿಯಂಗಿ ತಾಯಿಯನ್ನು ನೋಡಿದ ನೋಟದಲ್ಲಿ ಬೆಂಕಿಕಡ್ಡಿ ಗೀರಬಹುದಿತ್ತು.

ಸಿಂಕಿನ ಕಡೆಯಿಂದ ತಂಗಿ ಮೊದಲ ಸಲ ಮಾತಾಡಿದಳು. ತಿರುಗದೆಯೇ.

"ಅಕ್ಕಾ, ಸಾಕು. ನೀನು ಮಾತು ಕೊಟ್ಟಿದ್ದೆ."

"ಹೌದು ಕಣೇ, ಕೊಟ್ಟಿದ್ದೆ."

"ಆಲೂಗಡ್ಡೆ ಕೊಯ್ದದ್ದು ಅಕ್ಕನಾ, ಪೊಲೀಸಾ?"

ಅಕ್ಕನ ಬಳಿ ಇದ್ದದ್ದು ಇನ್ನೊಂದು ಪ್ರಶ್ನೆ. ಅದನ್ನು ಠಾಣೆಯಿಂದಲೇ ಹೊತ್ತು ತಂದಿದ್ದಳು. ಬಾಯಿಗೆ ಬಂದಾಗಲೆಲ್ಲ ನುಂಗಿದ್ದಳು.

"ಠಾಣೆಗೆ ಬಂದಾಗ ನೀನು ಒಂದು ಮಾತು ಹೇಳ್ದೆ. ನಾನು ಪಕ್ಕದಲ್ಲೇ ಇದ್ದೆ. 'ನೊರೆ ಉಕ್ಕಿ ಕೂದಲಿಗೆಲ್ಲ ಮೆತ್ಕೊಳ್ತು' ಅಂತ ನೀನಂದೆ. ಕೇಳ್ತಿದ್ದವರು ಮುಂದೆ ಹೋದ್ರು. ನನಗೆ ಮುಂದೆ ಹೋಗೋಕೆ ಆಗ್ಲಿಲ್ಲ." ಅಕ್ಕ ಬಿಳಿಯಂಗಿಯ ಕಡೆ ನೋಡಿದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂದೆಯಲ್ಲಪ್ಪ. ಸರಿ, ಕನ್ನಡಿ ಬೇಡ. ಅಂಗೈಯಲ್ಲಿ ಕೂದಲು ತೋರಿಸು."

ಬಿಳಿಯಂಗಿ ತುಟಿ ಕಚ್ಚಿದ.

"ನಿಮ್ಮಪ್ಪನ ಕೂದಲು ಕಾಡಿಗೆಯಷ್ಟು ಕಪ್ಪು. ಬಣ್ಣ ಹಚ್ಚದೆ ಹೊರಗೆ ಕಾಲಿಟ್ಟವರಲ್ಲ. ಗಾಯದ ಸುತ್ತ ಮಾತ್ರ ಅದು ತಾಮ್ರದ ಹಾಗೆ ಕೆಂಚಾಗಿತ್ತು. ಡಾಕ್ಟರು ಬಣ್ಣ ಬಿಟ್ಟಿದೆ ಅಂದ್ರು. ಬಣ್ಣ ಬಿಡೋದು ಬುಡದಿಂದ. ಇದು ಅಂಗೈ ಅಗಲಕ್ಕೆ ಮಚ್ಚೆ ಹಾಗೆ ಬಿಟ್ಟಿತ್ತು. ಲಾಂಡ್ರಿ ಕ್ಯಾನಿನ ನೊರೆ ಔಷಧಿ, ಮನೆಯದಕ್ಕಿಂತ ಹತ್ತು ಪಟ್ಟು ಖಾರ ಇರೋದು, ಕೂದಲಿಗೆ ಬಿದ್ರೆ ಹಾಗಾಗುತ್ತೆ."

"ಏನು ಹೇಳ್ತಿದ್ದೀರಿ ಅತ್ತಿಗೆ?"

"ನಿಮ್ಮಪ್ಪನ ತಲೆಗೆ ಯಾರೋ ಹೊಡೆದ್ರು. ಆಮೇಲೆ ಯಾರೋ ಆ ಗಾಯ ತೊಳೆದ್ರು. ಹೊಡೆದವರು ತೊಳೆಯೋದಿಲ್ಲ. ತೊಳೆದವರು ಬೇರೆ. ಆ ನೊರೆಯನ್ನ ಅವರು ಕಣ್ಣಾರೆ ಕಂಡವರು."

ತಂಗಿಯ ಕೈ ಒರೆಸುವುದನ್ನು ನಿಲ್ಲಿಸಿತು.

ಅಕ್ಕ ಹತ್ತಿರ ಹೋದಳು. ಚಿಕ್ಕಂದಿನಲ್ಲಿ ಹಟ ಹಿಡಿದ ತಂಗಿಯ ಮುಷ್ಟಿಯಿಂದ ಬಳಪ ಬಿಡಿಸುತ್ತಿದ್ದ ಹಾಗೆಯೇ ಅಡುಗೆ ಬಟ್ಟೆಯ ತುದಿ ಹಿಡಿದು ಎಳೆದಳು. ತಂಗಿ ಬಿಡಲಿಲ್ಲ. ಎಳೆದಾಟದಲ್ಲಿ ಬಟ್ಟೆ ಜಾರಿ ನೆಲಕ್ಕೆ ಬಿತ್ತು.

ಹೆಬ್ಬೆರಳು, ತೋರುಬೆರಳು, ನಡುಬೆರಳು. ಮೂರರ ತುದಿಯೂ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಬಿಳಿಚಿದ್ದವು.

ಅಕ್ಕನಿಗೆ ಆ ಬಿಳುಪು ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ತಂಗಿಯೇ ತೋರಿಸಿದ್ದಳು. ಅಂಗಡಿಯಲ್ಲಿ ಮಾವನ ಪಕ್ಕ ನಿಂತು ಕಲೆ ತೆಗೆಯುವುದನ್ನು ಕಲಿಯುತ್ತಿದ್ದ ದಿನಗಳು ಅವು. ಕೈಗವಸು ಮರೆತು ಕ್ಯಾನಿನ ಔಷಧಿ ಮುಟ್ಟಿದ್ದಳಂತೆ. "ನೋಡಕ್ಕಾ, ದೆವ್ವದ ಕೈ! ಉರಿಯುತ್ತೆ, ಆದ್ರೆ ಸಂಜೆಗೆ ಮಾಯ" ಎಂದು ಬೆರಳು ಕುಣಿಸಿ ನಕ್ಕಿದ್ದಳು.

ಸಂಜೆಗೆ ಮಾಯವಾಗುವ ಬಿಳುಪು ಈಗ ಮಧ್ಯಾಹ್ನ ಬೆರಳ ಮೇಲಿದೆ. ಅಂಗಡಿಗೆ ಬೀಗ ಹಾಕಿ ಮೊಹರು ಮಾಡಿದ್ದು ಅಕ್ಕನೇ.

"ಇವತ್ತು ಬೆಳಿಗ್ಗೆ ಏನು ಒಗೆದೆ?"

"ಏನೂ ಇಲ್ಲ."

"ಬಚ್ಚಲಲ್ಲಿ ಏನಿದೆ?"

"ಬಚ್ಚಲಲ್ಲಿ ಬಚ್ಚಲಿದೆ. ಹೋಗು, ಹುಡುಕು. ಇನ್ನು ಹಾಸಿಗೆ ಬಿಚ್ಚಿ ನೋಡು, ಅಕ್ಕಿ ಡಬ್ಬ ಸುರಿದು ನೋಡು. ಅಕ್ಕ ಅಂತೆ ಅಕ್ಕ!"

ಬಿಳಿಯಂಗಿ ಎದ್ದು ಬಚ್ಚಲಿನ ದಾರಿಗೆ ಅಡ್ಡ ನಿಂತ. ಕುರ್ಚಿ ಹಿಂದಕ್ಕೆ ಉರುಳಿತು. "ನನ್ನ ಮನೆ ಇದು. ಕಾಗದ ತಂದಿದ್ದೀರಾ? ಇಲ್ಲಾಂದ್ರೆ ಬಂದ ದಾರಿ ಹಿಡೀರಿ."

"ಅಕ್ಕ ಬಂದಿದ್ದಾಳೆ. ತಂಗಿ ಮನೆ ಬಚ್ಚಲಿಗೆ ಹೋಗೋಕೆ ಕಾಗದ ಬೇಕಾ?"

"ನೀವು..."

"ಪಕ್ಕಕ್ಕೆ ಸರಿ."

ಅವನು ಸರಿಯಲಿಲ್ಲ. ಆದರೆ ಪಟ್ಟಿ ಕಟ್ಟಿದ ಕೈಯನ್ನು ಗೋಡೆಗೆ ಊರಿದ್ದ. ಅಕ್ಕ ಆ ಕೈಯನ್ನೊಮ್ಮೆ ನೋಡಿದಳು. ನೋವಿಗೋ, ಆ ನೋಟಕ್ಕೋ, ಕೈ ತಾನಾಗಿ ಕೆಳಗಿಳಿಯಿತು. ಅಷ್ಟು ಸಂದಿ ಸಾಕಾಯಿತು.

ಬಚ್ಚಲ ಮೂಲೆಯಲ್ಲಿ ಬಕೆಟ್ಟು. ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಒಗೆಯುವ ಕಲ್ಲು ಹೇರಿತ್ತು. ಅಕ್ಕ ತಟ್ಟೆ ಸರಿಸಿದಳು.

ಅವಳು ಬಿಳಿ ಅಂಗಿ ಸಿಗುತ್ತದೆ ಅಂದುಕೊಂಡಿದ್ದಳು. ಸಿಕ್ಕಿದ್ದು ಬೂದು ಬಣ್ಣದ ದಪ್ಪ ಏಪ್ರನ್. ಎದೆಯ ಮೇಲೆ ಬ್ರಷ್ ಸಿಕ್ಕಿಸುವ ಎರಡು ಜೇಬು. ಕಲೆ ತೆಗೆಯುವವರು ಮಾತ್ರ ತೊಡುವಂಥದ್ದು. ತೊಡೆಯ ಭಾಗದಲ್ಲಿ ಬೂದು ಬಣ್ಣವೇ ಹಾರಿಹೋಗಿ, ನಡುವೆ ಕಂದು ಕಲೆ ಇನ್ನೂ ಹಟ ಹಿಡಿದು ಕೂತಿತ್ತು. ಸುತ್ತ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಬಕೆಟ್ಟಿನ ಹಿಂದೆ ಗೇಣುದ್ದದ ಕಂದು ಬಾಟಲಿ. ಕ್ಯಾನಿನಿಂದ ಮೇಜಿನ ಕೆಲಸಕ್ಕೆ ತುಂಬಿಕೊಳ್ಳುವ ಬಾಟಲಿ. ಮುಚ್ಚಳ ಬಿಗಿಯಾಗಿತ್ತು.

ಬೇರೆ ಯಾರಾದರೂ ಈ ಏಪ್ರನ್ನಿಗೆ ಬೆಂಕಿ ಇಡುತ್ತಿದ್ದರು, ಇಲ್ಲವೇ ಕಲ್ಲು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಲಾಂಡ್ರಿಯವರು ಒಗೆದರು. ಕಲೆ ಕಂಡರೆ ಒಗೆಯದೆ ಬಿಡಲಾರದ ಜಾತಿ.

ಅಕ್ಕ ಬಾಗಿಲ ಕಡೆ ತಿರುಗಿದಳು. ಮೂವರೂ ಅಲ್ಲೇ ನಿಂತಿದ್ದರು.

"ನಾನೇ ಹೊಡೆದದ್ದು" ಅಂದ ಬಿಳಿಯಂಗಿ, ಒಂದೇ ಉಸಿರಿಗೆ. "ಬರ್ಕೊಳ್ಳಿ. ಅಪ್ಪನ್ನ ನಾನೇ ಹೊಡೆದೆ."

"ಯಾವ ಕೈಯಲ್ಲಿ?"

"ಬಲಗೈಯಲ್ಲಿ."

"ಯಾವ ಕಡೆಯಿಂದ?"

ಅವನು ತಡವರಿಸಿದ. "ಮುಂದಿನಿಂದ."

"ಏಟು ಬಿದ್ದಿರೋದು ಹಿಂದೆ. ನೀನು ಅಲ್ಲಿರಲೇ ಇಲ್ಲ." ಅಕ್ಕನ ದನಿ ತಗ್ಗಿತು. "ನಿನ್ನ ಕೈ ಗಾಜಿಗೆ ಕುಯ್ದದ್ದೂ ಅಲ್ಲ. ಒಡೆದ ಗಾಜು ಇಷ್ಟು ನೇರ ಗೆರೆ ಎಳೆಯಲ್ಲ. ಬ್ಲೇಡು ತಾನೆ?"

ಅವನು ಪಟ್ಟಿಯ ಕೈಯನ್ನು ಬೆನ್ನ ಹಿಂದೆ ಸರಿಸಿದ. "ಮೈಯೆಲ್ಲ ರಕ್ತ ಮಾಡ್ಕೊಂಡು ಬಂದ್ಲು ಅತ್ತಿಗೆ. ಏನು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ದಾರೀಲಿ ಯಾರಾದ್ರೂ ನೋಡಿದ್ರೆ, ರಕ್ತ ಯಾರದು ಅಂದ್ರೆ, ಏನಾದ್ರೂ ಹೇಳ್ಬೇಕಲ್ಲ. ನಂದು ಅನ್ನೋಣ ಅಂತ ಕುಯ್ಕೊಂಡೆ."

ಹಾಗಾದರೆ ಅವನು ಇಷ್ಟು ದಿನ ಹೆಂಡತಿಯನ್ನೇ ಕೊಲೆಗಾತಿ ಅಂದುಕೊಂಡು ಕಾಪಾಡುತ್ತಿದ್ದ. ತಂಗಿ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ಕೃತಜ್ಞತೆಯ ಸುಳಿವೂ ಇರಲಿಲ್ಲ.

"ನನ್ನ ಮೇಲೆ ಅಷ್ಟೇನಾ ನಂಬಿಕೆ?" ಅಂದಳು.

ಅತ್ತೆಮ್ಮ ಕೆಮ್ಮಿದಳು. "ನನಗೇನೂ ಗೊತ್ತಿಲ್ಲಮ್ಮ. ಮಂಡಿ ನೋವು ಶುರುವಾದ ಮೇಲೆ ನಾನು ಅಂಗಡಿ ಮೆಟ್ಟಿಲನ್ನೇ ಹತ್ತಿಲ್ಲ. ಸೊಸೆ ಮಾವನ ಹತ್ರ ಏನು ಮಾಡ್ಕೊಂಡ್ಳೋ, ಮಗ ಏನು ಮುಚ್ಚಿಟ್ನೋ, ದೇವರೇ ಬಲ್ಲ."

"ಅತ್ತೇ!" ತಂಗಿಯ ದನಿಗೆ ಬಚ್ಚಲ ಗೋಡೆ ಮಾರ್ದನಿ ಕೊಟ್ಟಿತು. ಆಮೇಲೆ ಅವಳು ಅಕ್ಕನಿಗೆ ಮಾತ್ರ ಕೇಳುವ ಹಾಗೆ, ಬಕೆಟ್ಟಿನೊಳಗೆ ನೋಡುತ್ತಾ ಹೇಳಿದಳು.

"ನಾನು ಹೋದಾಗ ಮಾವ ಬಿದ್ದಿದ್ರು. ಉಸಿರಿತ್ತು ಅಕ್ಕಾ. ತಲೆ ತೊಡೆ ಮೇಲಿಟ್ಕೊಂಡೆ. ಬುದ್ಧಿ ಇರೋರು ಬಟ್ಟೆ ಒತ್ತಿಹಿಡೀತಾರೆ, ಡಾಕ್ಟರಿಗೆ ಫೋನ್ ಮಾಡ್ತಾರೆ. ನಾನು ಏನು ಮಾಡ್ದೆ ಗೊತ್ತಾ? ರಕ್ತ ಕಂಡ ಕೂಡ್ಲೇ ಕೈ ಮೇಜಿನ ಬಾಟಲಿಗೆ ಹೋಯ್ತು. ತಣ್ಣೀರು ಸುರಿದೆ, ಔಷಧಿ ಸುರಿದೆ. ನೊರೆ ಬಂತು. ಇನ್ನೂ ಸುರಿದೆ. ಅವರು ನರಳಿದ್ರು." ಬಿಳಿ ಬೆರಳುಗಳನ್ನು ಮಡಚಿಕೊಂಡಳು. "ಮನುಷ್ಯನ್ನ ಬಟ್ಟೆ ಹಾಗೆ ತೊಳೆದೆ ಅಕ್ಕಾ."

ಅಕ್ಕ ಅವಳ ಭುಜ ಮುಟ್ಟಲು ಹೋದಳು. ತಂಗಿ ಕೊಡವಿಕೊಂಡಳು.

"ಆಮೇಲೆ ಬುದ್ಧಿ ಬಂತು. ಫೋನಿಗೆ ಅಂತ ಏಳೋಕೆ ಹೋದೆ. ಹಿಂದಿನಿಂದ ಒಂದು ಕೈ ಬಂದು ಬಾಟಲಿ ಕಿತ್ಕೊಳ್ತು. 'ಬಿಡು, ಹೋಗ್ಲಿ' ಅಂತು. ಮಾವ ಇನ್ನೂ ಉಸಿರಾಡ್ತಿದ್ರು. ಆ ಕೈ ಬಾಟಲಿಗೆ ಮುಚ್ಚಳ ಹಾಕಿ, ಬಿಗಿ ಮಾಡಿ, ನನ್ನ ಏಪ್ರನ್ ಜೇಬಿಗೆ ತುರುಕ್ತು."

ಮುಚ್ಚಳ ಹಾಕಿ. ಬಿಗಿ ಮಾಡಿ.

ಅಕ್ಕನ ಕಣ್ಣು ತಾನಾಗಿ ತಾಯಿ ಮಗನ ಕೈಗಳ ಕಡೆ ಹರಿಯಿತು. ಪಟ್ಟಿ ಇಲ್ಲದ ಒಂದು ಕೈ ಇವನದು. ಬಾಗಿಲ ಚೌಕಟ್ಟು ಹಿಡಿದ ಎರಡು ಕೈ ಅವಳದು. ಬ್ಲೇಡಿನ ಗಾಯವೂ ಸುಳ್ಳಿನ ಮೇಲೊಂದು ಸುಳ್ಳಾಗಿರಬಹುದು. ಮಂಡಿ ನೋವೂ ಅಷ್ಟೇ.

"ಯಾರ ಕೈ?"

ತಂಗಿ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ. ಮದುವೆಯ ಹಿಂದಿನ ದಿನ ಅಂಗೈ ಚಾಚಿದ್ದ ಅದೇ ಹಟದ ಹುಡುಗಿ ಆ ಮುಖದಲ್ಲಿ ನಿಂತಿದ್ದಳು.

"ಯಾರು ಕೇಳ್ತಿರೋದು?"

"ಹೇಳೇ."

"ಅಕ್ಕ ಕೇಳಿದ್ರೆ ಈಗ್ಲೇ, ಇವರಿಬ್ಬರ ಎದುರೇ ಹೇಳ್ತೀನಿ. ಆಮೇಲೆ ಅದು ನಿನ್ನ ಹೊಟ್ಟೇಲೇ ಇರ್ಬೇಕು. ಪೊಲೀಸ್ ಕೇಳಿದ್ರೆ, ನನ್ನ ಹಲ್ಲು ಮುರಿದ್ರೂ ಈ ಬಾಯಿ ತೆರೆಯಲ್ಲ. ನಾಳೆನೂ ಈ ಮನೇಲಿ ಇರ್ಬೇಕಾದವಳು ನಾನು. ನೀನಲ್ಲ."

"ಲಾಕಪ್ಪಲ್ಲಿ ಒಬ್ಬ ಮುದುಕ ಇದ್ದಾನೆ ಕಣೇ. ನಾಳೆ ಬೆಳಿಗ್ಗೆ ಅವನ ಕಥೆ ಮುಗೀತು."

"ನನ್ನ ಕಥೆ?"

ಬಕೆಟ್ಟಿನಲ್ಲಿ ಗುಳ್ಳೆಗಳು ಸಣ್ಣ ಸದ್ದು ಮಾಡುತ್ತಿದ್ದವು. ಹೊತ್ತು ಕಳೆದಷ್ಟೂ ಕಲೆ ತಿಳಿಯಾಗುತ್ತದೆ. ಕಲೆ ಹೋದರೆ ಮುದುಕನೂ ಹೋದ. ಹೆಸರು ಕೇಳಿಸಿಕೊಂಡು ಹೊಟ್ಟೆಯಲ್ಲಿಟ್ಟುಕೊಂಡರೆ, ನಾಳೆ ಇಸ್ತ್ರಿಯವನನ್ನು ವ್ಯಾನಿಗೆ ಹತ್ತಿಸುವಾಗ ಯಾವ ಯೂನಿಫಾರ್ಮ್ ತೊಟ್ಟು ನಿಲ್ಲುವುದು? ಅದರ ಗೆರೆ ಯಾರದು?

ಅಕ್ಕ ಬಚ್ಚಲಿನಿಂದ ಹೊರಬಂದಳು. ಅಡುಗೆಮನೆ ದಾಟಿದಳು. ಹಿಂದಿನಿಂದ "ಅಕ್ಕಾ" ಅಂತ ಒಂದು ಕೂಗು ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಲಭವಾಗುತ್ತಿತ್ತು.

ಮುಂಬಾಗಿಲು ಪೂರ್ತಿ ತೆರೆದಳು.

"ಪೇದೆ! ಜೀಪಿಂದ ನನ್ನ ಟೋಪಿ ತಗೊಂಡು ಒಳಗೆ ಬಾ. ಬಚ್ಚಲಲ್ಲಿ ಬಕೆಟ್ಟಿದೆ. ಮೊದಲು ಫೋಟೊ ತೆಗಿ, ಆಮೇಲೆ ಕೈಗವಸು ಹಾಕ್ಕೊಂಡು ಏಪ್ರನ್ ಹೊರಗೆ ತೆಗಿ. ಬಕೆಟ್ಟಿನ ಹಿಂದಿರೋ ಬಾಟಲಿಯ ಮುಚ್ಚಳ ಮಾತ್ರ ಮುಟ್ಟಬೇಡ. ಅದರ ಮೇಲೆ ಬೆರಳಿನ ಗುರುತು ಇದ್ದರೂ ಇರಬಹುದು."

ಪೇದೆಯ ಬೂಟು ಹೊಸ್ತಿಲು ದಾಟಿತು. ಬಚ್ಚಲ ಬಾಗಿಲಲ್ಲಿ ನಿಂತಿದ್ದ ತಂಗಿ ತುಟಿ ಕೂಡಿಸಿದಳು; ಹೊಲಿಗೆ ಹಾಕಿದ ಹಾಗೆ ಕೂಡಿಸಿದಳು. ಬಿಳಿಯಂಗಿ ಗೋಡೆಗೊರಗಿ ಕಣ್ಣು ಮುಚ್ಚಿದ.

ಮುಚ್ಚಳದ ಮಾತು ಕೇಳಿದ ಮೇಲೂ ಅತ್ತೆಮ್ಮನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅವಳು ಸೊಸೆಯ ಮುಚ್ಚಿದ ಬಾಯಿಯನ್ನು ಒಮ್ಮೆ ನೋಡಿದಳು. ಉರುಳಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಮಧ್ಯಾಹ್ನವಿಡೀ ನಿಂತೇ ಇದ್ದವಳು ಆಗ ಕೂತಳು, ಮಂಡಿ ಮಡಚಿ, ನೋವಿಲ್ಲದವಳ ಹಾಗೆ ಸಲೀಸಾಗಿ.

ಇನ್ಸ್‌ಪೆಕ್ಟರ್ ಟೋಪಿ ತೊಟ್ಟುಕೊಂಡಳು. ತಂಗಿಗೆ ಕೊಟ್ಟ ಮಾತು ಮುರಿಯಿತು.